ಶ್ರೀಲಂಕಾ: ಮಳೆಯ ಲೆಕ್ಕದಿಂದ ಮನೆಬಾಗಿಲ ಎಚ್ಚರಿಕೆಯವರೆಗೆ

ಕೊಲಂಬೊದ ಉತ್ತರ ಅಂಚಿನಲ್ಲಿ, ಕೆಲನಿ ನದಿ ಕಡಲು ಸೇರುವುದಕ್ಕೆ ಸ್ವಲ್ಪ ಮೊದಲು, ನಾಗಲಗಂ ಬೀದಿಯಲ್ಲಿ ನೀರಿನ ಮಟ್ಟ ಅಳೆಯುವ ಮಾಪಕವಿದೆ. ಅದರ ಲೆಕ್ಕ ಇವತ್ತಿಗೂ ಅಡಿಗಳಲ್ಲೇ. ನೀರು 5 ಅಡಿ ದಾಟಿದರೆ ಸಣ್ಣ ನೆರೆ, 7 ದಾಟಿದರೆ ದೊಡ್ಡ ನೆರೆ, 9 ದಾಟಿದರೆ ಅಪಾಯದ ನೆರೆ. ರಾಜಧಾನಿಯನ್ನು ಈ ನೀರಿನಿಂದ ಕಾಯಲೆಂದೇ ಬ್ರಿಟಿಷರು 1924ರಲ್ಲಿ ನೆರೆ ರಕ್ಷಣಾ ಕಾಯ್ದೆ ತಂದರು, ನದಿಗೆ ಏರಿ ಕಟ್ಟಿಸಿದರು. ಶ್ರೀಲಂಕಾದ ನೆರೆ ಎಚ್ಚರಿಕೆಯ ಕತೆ ಶುರುವಾಗುವುದು ಹೀಗೆ, ಒಂದು ನಗರದ ಕಾವಲಿನಿಂದ. ಗುಡ್ಡಗಾಡಿನಲ್ಲಿ ಚಹಾ ಕೀಳುತ್ತಿದ್ದವರಿಗೆ ಅಂಥ ಕಾವಲು ಸಿಗುವುದು ಬಹಳ ತಡವಾಯಿತು.

ಬ್ರಿಟಿಷರ ಕಾಲದಲ್ಲಿ ಇಲಾಖೆಗಳ ನಡುವೆ ಬಿದ್ದ ಒಂದು ಗೆರೆ ಇಂದಿಗೂ ಅಳಿಸಿಲ್ಲ. ನದಿಯನ್ನು ನೋಡಿಕೊಳ್ಳಲು 1900ರಲ್ಲಿ ಹುಟ್ಟಿದ ನೀರಾವರಿ ಇಲಾಖೆ. ಆಕಾಶವನ್ನು ನೋಡಲು 1907ರ ಕೊಲಂಬೊ ವೀಕ್ಷಣಾಲಯ, ಅದು 1948ರಲ್ಲಿ ಹವಾಮಾನ ಇಲಾಖೆಯಾಯಿತು. ಮಳೆ ಬರುತ್ತದೆ ಎನ್ನುವವರು ಒಬ್ಬರು, ನೀರು ಏರುತ್ತಿದೆ ಎನ್ನುವವರು ಇನ್ನೊಬ್ಬರು. ಗುಡ್ಡ ಜಾರುತ್ತದೆ ಎನ್ನುವವರು ಆಗಿನ್ನೂ ಇರಲಿಲ್ಲ.

ಈ ದ್ವೀಪದ ಮಳೆ ಊಹಿಸುವುದು ಸುಲಭದ ಕೆಲಸವಲ್ಲ. 65,000 ಚದರ ಕಿಲೋಮೀಟರ್ ಚಿಲ್ಲರೆಯ ನೆಲ, ನಡುವೆ 2,524 ಮೀಟರ್ ಎತ್ತರದ ಪಿದುರುತಲಾಗಲ. ನೈಋತ್ಯ ಮುಂಗಾರು ಪಶ್ಚಿಮದ ಇಳಿಜಾರನ್ನು ತೋಯಿಸಿದರೆ ಈಶಾನ್ಯ ಮಾರುತ ಪೂರ್ವವನ್ನು ತೋಯಿಸುತ್ತದೆ. ಎರಡರ ಸಂಧಿಕಾಲದಲ್ಲಿ ಮಧ್ಯಾಹ್ನ ಕಟ್ಟಿದ ಮೋಡ ಸಂಜೆಗೆ ಒಂದೇ ಕಣಿವೆಯ ಮೇಲೆ ಸುರಿದುಹೋಗುತ್ತದೆ. ಗಣಕ ಮಾದರಿಯ ಚೌಕಗಳು ದೊಡ್ಡದಾಗಿದ್ದರೆ ಆ ಕಣಿವೆ ಅವುಗಳ ಕಣ್ಣಿಗೇ ಬೀಳುವುದಿಲ್ಲ. ನದಿಗಳೋ 103 ಜಲಾನಯನಗಳಲ್ಲಿ ಹಂಚಿಹೋಗಿವೆ, ಬಹುತೇಕ ಗಿಡ್ಡ ನದಿಗಳು. ಕಳು ಗಂಗಾ ನದಿ ಬೆಟ್ಟದಿಂದ ಧಡಧಡನೆ ಇಳಿದು ರತ್ನಪುರದ ಬಳಿ ತಟ್ಟನೆ ಸಮತಟ್ಟು ನೆಲಕ್ಕೆ ಬರುತ್ತದೆ. ಮೇಲಿನ ನೀರು ಓಡಿ ಬರುತ್ತದೆ, ಕೆಳಗಿನದು ಜಾಗ ಬಿಡುವುದಿಲ್ಲ.

ಚಂಡಮಾರುತದ ವಿಷಯದಲ್ಲಿ ಮೊದಲ ದೊಡ್ಡ ಪಾಠಗಳು ಬಂಗಾಳ ಕೊಲ್ಲಿಯಿಂದ ಬಂದವು. 1964ರ ಡಿಸೆಂಬರಿನಲ್ಲಿ ನಮ್ಮ ಧನುಷ್ಕೋಟಿಯನ್ನು ಅಳಿಸಿಹಾಕಿದ ಬಿರುಗಾಳಿಯೇ ಲಂಕೆಯ ಉತ್ತರವನ್ನೂ ಹೊಡೆದಿತ್ತು. 1978ರ ನವೆಂಬರಿನಲ್ಲಿ ಇನ್ನೊಂದು ಚಂಡಮಾರುತಕ್ಕೆ ಪೂರ್ವ ಕರಾವಳಿಯ ಮಟ್ಟಕಳಪ್ಪಿನ ಸುತ್ತ 900ಕ್ಕೂ ಹೆಚ್ಚು ಜನ ಸತ್ತರು. ಈಗ ಈ ಕಡಲಿನ ಚಂಡಮಾರುತಗಳ ಮೇಲೆ ದೆಹಲಿಯ ಪ್ರಾದೇಶಿಕ ಕೇಂದ್ರ ಕಣ್ಣಿಟ್ಟು ನೆರೆದೇಶಗಳಿಗೆ ಸೂಚನೆ ಕಳಿಸುತ್ತದೆ. ಗಾಳಿ ಎಲ್ಲಿ ದಡ ಹತ್ತುತ್ತದೆ ಎಂಬುದು ಇಂದು ಬಹುಮಟ್ಟಿಗೆ ಮೊದಲೇ ಗೊತ್ತಾಗುತ್ತದೆ. ದಡ ಹತ್ತಿದ ಮೇಲೆ ಯಾವ ಊರಿನ ಮೇಲೆ ಎಷ್ಟು ಮಳೆ ಎಂಬುದೇ ಕಷ್ಟ.

2003ರ ಮೇ ತಿಂಗಳ ಮಳೆಗೆ ರತ್ನಪುರವೂ ಸೇರಿ ನೈಋತ್ಯದ ಜಿಲ್ಲೆಗಳಲ್ಲಿ 200ಕ್ಕೂ ಹೆಚ್ಚು ಜನ ಬಲಿಯಾದರು. ಆದರೂ ಸರ್ಕಾರವನ್ನು ಎಬ್ಬಿಸಿದ್ದು 2004ರ ಸುನಾಮಿ. ಮರುವರ್ಷವೇ ವಿಪತ್ತು ನಿರ್ವಹಣಾ ಕಾಯ್ದೆ ಬಂತು, ಅದರಡಿ ವಿಪತ್ತು ನಿರ್ವಹಣಾ ಕೇಂದ್ರ ಬಂತು. ಇಲಾಖೆಗಳು ಕೊಟ್ಟ ಎಚ್ಚರಿಕೆಯನ್ನು ಜಿಲ್ಲೆಗೆ, ಅಲ್ಲಿಂದ ಹಳ್ಳಿಯ ಸರ್ಕಾರಿ ಅಧಿಕಾರಿಯಾದ ಗ್ರಾಮ ನಿಲಧಾರಿಗೆ ಮುಟ್ಟಿಸುವ ಹೊಣೆ ಮೊದಲ ಸಲ ಒಂದು ಕಚೇರಿಯ ಹೆಗಲೇರಿತು. 117ಕ್ಕೆ ಕರೆ ಮಾಡಿದರೆ ಉತ್ತರ ಕೊಡುವವರು ಸಿಕ್ಕರು.

ನನ್ನ ಮಟ್ಟಿಗೆ ಈ ಕ್ಷೇತ್ರದ ಅತಿ ಮುಖ್ಯ ಹೆಜ್ಜೆ ಉಪಗ್ರಹದಲ್ಲೂ ಇಲ್ಲ, ಗಣಕದಲ್ಲೂ ಇಲ್ಲ. ಅದು ಮೂರು ಅಂಕಿಗಳಲ್ಲಿದೆ: 75, 100, 150. ರಾಷ್ಟ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಬೆಟ್ಟದ ಜಿಲ್ಲೆಗಳ ಇಳಿಜಾರುಗಳ ನಕ್ಷೆ ಮಾಡಿ, ಮಳೆಗೂ ಕುಸಿತಕ್ಕೂ ಇರುವ ನಂಟನ್ನು ಈ ಅಂಕಿಗಳಿಗೆ ಇಳಿಸಿತು. 24 ಗಂಟೆಯಲ್ಲಿ 75 ಮಿಲಿಮೀಟರ್ ದಾಟಿದರೆ ಹಳದಿ, ಕಣ್ಣಿಟ್ಟಿರಿ. 100 ದಾಟಿದರೆ ಕೇಸರಿ, ಹೊರಡಲು ಸಿದ್ಧರಾಗಿ. 150 ದಾಟಿದರೆ, ಇಲ್ಲವೇ ಒಂದೇ ಗಂಟೆಯಲ್ಲಿ 75 ಬಿದ್ದರೆ ಕೆಂಪು, ಮನೆ ಬಿಡಿ. ಇದಕ್ಕೆ ಹವಾಮಾನ ಶಾಸ್ತ್ರ ಓದಿರಬೇಕಿಲ್ಲ. ಅಂಗಳದಲ್ಲಿ ನಿಲ್ಲಿಸಿದ ಮಳೆಮಾಪಕದ ಗೆರೆ ನೋಡಲು ಬಂದರೆ ಸಾಕು. ಮಳೆಯ ಅಂಕಿ ಅಲ್ಲಿಗೆ ಮಾಡಬೇಕಾದ ಕೆಲಸವೇ ಆಗಿಬಿಡುತ್ತದೆ.

ಕೆಲಸ ಗೊತ್ತಿದ್ದರೂ ಹೋಗಲು ಜಾಗ ಬೇಕಲ್ಲ! 2014ರ ಅಕ್ಟೋಬರ್ 29ರಂದು ಬದುಳ್ಳ ಜಿಲ್ಲೆಯ ಮೀರಿಯಬೆದ್ದದಲ್ಲಿ ಚಹಾ ತೋಟದ ಲೈನ್ ಮನೆಗಳ ಮೇಲೆ ಗುಡ್ಡ ಬಿತ್ತು. ಅಲ್ಲಿ ಇರುವುದು ಅಪಾಯ ಎಂದು ವರ್ಷಗಳ ಹಿಂದೆಯೇ ಹೇಳಲಾಗಿತ್ತು. ಲೈನ್ ಮನೆ ಎಂದರೇನೆಂದು ನಮ್ಮ ಕಾಫಿ ಸೀಮೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಮನೆಯೂ ತಮ್ಮದಲ್ಲ, ನೆಲವೂ ತಮ್ಮದಲ್ಲ. ಕೂಲಿ ಮಾತ್ರ ಆ ಗುಡ್ಡದ ಮೇಲೆ. 2016ರ ಮೇನಲ್ಲಿ ರೋನು ಚಂಡಮಾರುತದ ಮಳೆಗೆ ಕೇಗಾಲೆ ಜಿಲ್ಲೆಯ ಅರನಾಯಕದಲ್ಲಿ ಇಡೀ ಇಳಿಜಾರೇ ಜಾರಿತು.

ಮರುವರ್ಷ, 2017ರ ಮೇ ಕೊನೆಯಲ್ಲಿ, ನೈಋತ್ಯದ ಕೆಲವೆಡೆ ಒಂದೇ ದಿನದಲ್ಲಿ 500 ಮಿಲಿಮೀಟರ್‌ಗೂ ಮಿಕ್ಕಿ ಸುರಿಯಿತು. 200ಕ್ಕೂ ಹೆಚ್ಚು ಸಾವು. ಮೋಡದೊಳಗಿನ ಮಳೆಯನ್ನು ಗಂಟೆಗಂಟೆಗೂ ನೋಡಬಲ್ಲ ಡಾಪ್ಲರ್ ರಾಡಾರ್ ಆಗ ಆ ದೇಶದಲ್ಲಿ ಕೆಲಸ ಮಾಡುತ್ತಿರಲಿಲ್ಲ ಎಂಬ ಕೊರತೆ ಎಲ್ಲರ ಬಾಯಿಗೂ ಬಂತು. ಆಮೇಲೆ ನದಿ ಕಣಿವೆಗಳಲ್ಲಿ ತಾನಾಗಿ ಅಂಕಿ ಕಳಿಸುವ ಮಾಪಕಗಳು ಹೆಚ್ಚಿದವು. 2020ರಲ್ಲಿ ಭಾರತ ಹವಾಮಾನ ಇಲಾಖೆ ದಕ್ಷಿಣ ಏಷ್ಯಾಕ್ಕಾಗಿ ಹಠಾತ್ ನೆರೆಯ ಮಾರ್ಗದರ್ಶಿ ವ್ಯವಸ್ಥೆಯನ್ನು ಶುರುಮಾಡಿತು. ಭಾರತ, ನೇಪಾಳ, ಭೂತಾನ್, ಬಾಂಗ್ಲಾದೇಶಗಳ ಜೊತೆ ಶ್ರೀಲಂಕಾವೂ ಅದರೊಳಗಿದೆ. ನೆಲ ಈಗಾಗಲೇ ಎಷ್ಟು ನೀರು ಕುಡಿದಿದೆ, ಇನ್ನೆಷ್ಟು ಬಿದ್ದರೆ ಹಳ್ಳ ಉಕ್ಕುತ್ತದೆ ಎಂದು ಲೆಕ್ಕ ಹಾಕುವ ವ್ಯವಸ್ಥೆ ಇದು.

2025ರ ನವೆಂಬರ್ 28ರಂದು ದಿತ್ವಾ ಚಂಡಮಾರುತ ಪೂರ್ವ ಕರಾವಳಿಯಲ್ಲಿ ದಡ ಹತ್ತಿತು. ಗಾಳಿಯ ವೇಗದ ಪಟ್ಟಿಯಲ್ಲಿ ಅದು ದೊಡ್ಡ ಚಂಡಮಾರುತವೇನಲ್ಲ. ಆದರೆ ದ್ವೀಪದ ಮೇಲೆ ಮೆಲ್ಲಗೆ ಸಾಗಿತು, ಸಾಗಿದಷ್ಟು ಹೊತ್ತೂ ಸುರಿಯಿತು. ಸತ್ತವರು 600ಕ್ಕೂ ಹೆಚ್ಚು; ಕ್ಯಾಂಡಿ, ಬದುಳ್ಳ, ನುವರ ಎಲಿಯದ ಗುಡ್ಡಗಳಲ್ಲೇ ಅತಿ ಹೆಚ್ಚು. ಚಂಡಮಾರುತಕ್ಕೆ ಕೊಡುವ ಎಚ್ಚರಿಕೆಯ ಬಣ್ಣ ಗಾಳಿಯನ್ನು ನೋಡುತ್ತದೆ, ಕೊಂದದ್ದು ನೀರು ಕುಡಿದ ಮಣ್ಣು. ಹವಾಮಾನ, ನೀರಾವರಿ, ಕಟ್ಟಡ ಸಂಶೋಧನೆ ಎಂಬ ಮೂರು ಕಡೆಯ ಮಾತು ಒಂದೇ ಸಂದೇಶವಾಗಿ ಹೊರಡಬೇಕೆಂದು ನಾನು ಹೇಳುವುದು ಇದಕ್ಕೇ.

ಆ ಸಂದೇಶ ಯಾವ ಭಾಷೆಯಲ್ಲಿ ಎಂಬ ಪ್ರಶ್ನೆಯೂ ಅಷ್ಟೇ ದೊಡ್ಡದು. ತೋಟದ ಲೈನುಗಳಲ್ಲಿ ಮನೆಮಾತು ತಮಿಳು, ಅದು ದೇಶದ ಅಧಿಕೃತ ಭಾಷೆಯೂ ಹೌದು. ಹಾಗಿದ್ದೂ ದಿತ್ವಾ ಹೊತ್ತಿನಲ್ಲಿ ಸಿಂಹಳದಲ್ಲಿ ಹೊರಬಿದ್ದ ಎಚ್ಚರಿಕೆಗಳು ತಮಿಳಿನಲ್ಲಿ ತಡವಾದವು, ಕೆಲವು ಬರಲೇ ಇಲ್ಲ ಎಂಬ ದೂರು ಜೋರಾಗಿ ಕೇಳಿಬಂತು. ರಾಡಾರಿಗೆ ವರ್ಷಗಟ್ಟಲೆ ಕಾಯಬೇಕಾಗಬಹುದು. ಹಗಲೂ ರಾತ್ರಿ ತಮಿಳು ಬಲ್ಲವರನ್ನು ಎಚ್ಚರಿಕೆಯ ಮೇಜಿನ ಮುಂದೆ ಕೂರಿಸಲು ಮುಂದಿನ ಮಳೆಗಾಲದವರೆಗೂ ಕಾಯಬೇಕಿಲ್ಲ.