ಡ್ರ್ಯಾಗ್ ರೇಸಿಂಗ್‌ನಲ್ಲಿ ಇಂಟರ್‌ಕೂಲರ್ ತಂಪು

ಸೈಕಲ್ಲಿಗೆ ಗಾಳಿ ಹೊಡೆದವರಿಗೆ ಪಂಪಿನ ಬುಡ ಬಿಸಿಯಾಗುವುದು ಗೊತ್ತು. ಎಂಜಿನ್ನಿಗೆ ಗಾಳಿ ಹಿಂಡಿ ತುಂಬುವ ಟರ್ಬೋಚಾರ್ಜರ್‌ನ ಮೂಲ ತೊಂದರೆಯೂ ಅದೇ. 30 ಡಿಗ್ರಿ ಸೆಲ್ಸಿಯಸ್‌ನ ಗಾಳಿಯನ್ನು ಎರಡು ಪಟ್ಟು ಒತ್ತಡಕ್ಕೆ ಹಿಂಡಿದರೆ, ಎಲ್ಲವೂ ಆದರ್ಶವಾಗಿದ್ದರೂ ಅದು ಸುಮಾರು 95 ಡಿಗ್ರಿ ಮುಟ್ಟುತ್ತದೆ. ಹಿಂಡುವ ಭಾಗವಾದ ಕಂಪ್ರೆಸರ್‌ನ ನಷ್ಟ ಸೇರಿದರೆ 120ರ ಆಸುಪಾಸು. ಬಿಸಿ ಗಾಳಿಯಲ್ಲಿ ಸಾಂದ್ರತೆ ಕಡಿಮೆ, ಆಮ್ಲಜನಕವೂ ಕಡಿಮೆ. ಅದಕ್ಕಿಂತ ಕೆಟ್ಟದ್ದು ನಾಕಿಂಗ್: ಸಿಲಿಂಡರಿನಲ್ಲಿ ಉಳಿದ ಪೆಟ್ರೋಲ್ ತಾನಾಗಿ ಹೊತ್ತಿಕೊಂಡು ಪಿಸ್ಟನ್ನಿಗೆ ಪೆಟ್ಟು ಕೊಡುತ್ತದೆ. ಇದನ್ನು ತಪ್ಪಿಸಲು ಎಂಜಿನ್ನಿನ ಕಂಪ್ಯೂಟರ್ ಕಿಡಿಯನ್ನು ತಡ ಮಾಡುತ್ತದೆ, ಶಕ್ತಿ ಇಳಿಯುತ್ತದೆ. ಕಂಪ್ರೆಸರ್‌ಗೂ ಎಂಜಿನ್ನಿಗೂ ನಡುವೆ ನಿಂತು ಈ ಗಾಳಿಯ ಕಾವು ಇಳಿಸುವ ಅಲ್ಯೂಮಿನಿಯಂ ಸಾಧನವೇ ಇಂಟರ್‌ಕೂಲರ್.

ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ 1905ರಲ್ಲಿ ಟರ್ಬೋಚಾರ್ಜಿಂಗ್‌ಗೆ ಪೇಟೆಂಟ್ ಪಡೆದ. ಇಂಟರ್‌ಕೂಲರ್ ಪಳಗಿದ್ದು ಮಾತ್ರ ವಿಮಾನಗಳಲ್ಲಿ. ಎರಡನೇ ಮಹಾಯುದ್ಧದ ಪಿ-38 ಲೈಟ್ನಿಂಗ್ ವಿಮಾನದ ಮೊದಲ ಮಾದರಿಗಳಲ್ಲಿ ರೆಕ್ಕೆಯ ಮುಂಚೂಣಿ ಅಂಚೇ ಇಂಟರ್‌ಕೂಲರ್ ಆಗಿತ್ತು. ಎಂಜಿನ್ನಿನ ಶಕ್ತಿ ಹೆಚ್ಚುತ್ತ ಹೋದಂತೆ ಆ ಜಾಗ ಸಾಲದಾಯಿತು. ‘ಜೆ’ ಮಾದರಿಯಲ್ಲಿ ಅದನ್ನು ಎಂಜಿನ್ನಿನ ಗದ್ದದ ಕೆಳಗೆ ತಂದು ಕೂರಿಸಿದರು. ವಿಮಾನಕ್ಕೆ ಒಂದು ಅನುಕೂಲವಿತ್ತು: ಹಾರುತ್ತಿರುವಷ್ಟು ಹೊತ್ತೂ ತಣ್ಣನೆಯ ಗಾಳಿ ಬೀಸುತ್ತಲೇ ಇರುತ್ತದೆ.

ಕಾರಿನವರು ಮೊದಲು ಬೇರೆ ದಾರಿ ಹಿಡಿದರು. 1962ರ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್‌ಗೆ ಇಂಟರ್‌ಕೂಲರ್ ಇರಲಿಲ್ಲ. ನೀರು ಮತ್ತು ಮೆಥನಾಲ್ ಬೆರೆಸಿದ ‘ಟರ್ಬೋ ರಾಕೆಟ್ ಫ್ಲೂಯಿಡ್’ ಎಂಬ ದ್ರವವನ್ನು ಒಳಹೋಗುವ ಗಾಳಿಗೆ ಚಿಮ್ಮಿಸಿ ತಂಪು ಮಾಡುತ್ತಿದ್ದರು. ಮಣ್ಣಿನ ಗಡಿಗೆಯ ನೀರು ತಣ್ಣಗಾಗುವ ತತ್ವವೇ ಇದು, ಹೆಸರು ಮಾತ್ರ ರಾಕೆಟ್. ದ್ರವ ಮುಗಿದರೆ ಬೂಸ್ಟ್, ಅಂದರೆ ಟರ್ಬೋ ಕೊಡುವ ಹೆಚ್ಚುವರಿ ಒತ್ತಡ, ಕಡಿತವಾಗುತ್ತಿತ್ತು, ತುಂಬಿಸುವುದನ್ನು ಮರೆಯುವ ಮಾಲೀಕರಿಗೆ ಕೊರತೆಯಿರಲಿಲ್ಲ. ಪೋರ್ಷೆ 911 ಟರ್ಬೋಗೆ 1978ರ 3.3 ಲೀಟರ್ ಮಾದರಿಯಲ್ಲಿ ಹಿಂಬದಿಯ ದೊಡ್ಡ ಸ್ಪಾಯ್ಲರ್ ಕೆಳಗೆ ಇಂಟರ್‌ಕೂಲರ್ ಬಂತು. 1984ರ ಫೋರ್ಡ್ ಮಸ್ಟಾಂಗ್ ಎಸ್‌ವಿಓ ಬಾನೆಟ್ಟಿಗೆ ಮೂಗಿನ ಹೊಳ್ಳೆಯಂಥ ತೂತು ಕೊಟ್ಟು ಅದರಡಿ ಇಟ್ಟಿತು. 1986ರಲ್ಲಿ ಬ್ಯೂಕ್ ಗ್ರ್ಯಾಂಡ್ ನ್ಯಾಷನಲ್ ಇಂಟರ್‌ಕೂಲರ್ ಪಡೆದ ಮೇಲೆ ಅಮೆರಿಕದ ಡ್ರ್ಯಾಗ್ ಸ್ಟ್ರಿಪ್‌ಗಳಲ್ಲಿ ವಿ8 ಕಾರುಗಳ ಪಕ್ಕ ಈ ವಿ6 ನಿಲ್ಲುವಂತಾಯಿತು.

ಅಲ್ಲಿಂದಲೇ ಈ ವಿಷಯದ ಸ್ವಾರಸ್ಯ ಶುರು. ಡ್ರ್ಯಾಗ್ ಓಟ ಕಾಲು ಮೈಲಿ, ಅಂದರೆ 402 ಮೀಟರ್. ಹನ್ನೆರಡು ಸೆಕೆಂಡಿನ ಆಟ. ಆದರೆ ಸರದಿಗಾಗಿ ಅರ್ಧ ತಾಸು ಬಿಸಿಲಲ್ಲಿ ನಿಲ್ಲಬೇಕು. ನಿಂತ ಕಾರಿನಲ್ಲಿ ಗಾಳಿ ಆಡುವುದಿಲ್ಲ, ಎಂಜಿನ್ನಿನ ಕಾವು ಮೇಲೇರಿ ಇಂಟರ್‌ಕೂಲರನ್ನೇ ಕಾಯಿಸುತ್ತದೆ. ಇದಕ್ಕೆ ‘ಹೀಟ್ ಸೋಕ್’ ಎನ್ನುತ್ತಾರೆ. ತಂಪು ಮಾಡಬೇಕಾದದ್ದೇ ಕಾದ ಬಾಣಲೆಯಾಗುತ್ತದೆ. ಅದರ ಮೇಲೆ ಟೈರ್ ಬಿಸಿಮಾಡುವ ಬರ್ನೌಟ್; ಆಮೇಲೆ ಗೆರೆಯ ಮೇಲೆ ಬ್ರೇಕ್ ಹಿಡಿದು ಬೂಸ್ಟ್ ಏರಿಸುವ ಕೆಲವು ಸೆಕೆಂಡು. ಆಗ ಟರ್ಬೋ ಪೂರ್ತಿ ದುಡಿಯುತ್ತಿರುತ್ತದೆ, ಕಾರು ಮಾತ್ರ ಇಂಚೂ ಕದಲಿರುವುದಿಲ್ಲ.

ಹಾಗಾಗಿ ಇಲ್ಲಿ ಇಂಟರ್‌ಕೂಲರ್ ರೇಡಿಯೇಟರ್ ಅಲ್ಲ, ತಂಪು ಕೂಡಿಟ್ಟ ಕಣಜ. ಸುಮಾರು 400 ಅಶ್ವಶಕ್ತಿಯ ಎಂಜಿನ್ ಸೆಕೆಂಡಿಗೆ 0.3 ಕಿಲೋ ಗಾಳಿ ನುಂಗುತ್ತದೆ. ಅದನ್ನು 120ರಿಂದ 50 ಡಿಗ್ರಿಗೆ ಇಳಿಸಲು ಓಟವಿಡೀ ತೆಗೆಯಬೇಕಾದ ಶಾಖ ಸುಮಾರು 250 ಕಿಲೋಜೌಲ್. ಒಂದು ಕಿಲೋ ಐಸ್ ಕರಗುವಾಗ 334 ಕಿಲೋಜೌಲ್ ಹೀರುತ್ತದೆ. ಎಂದರೆ ಮುಕ್ಕಾಲು ಕಿಲೋ ಐಸ್ ಸಾಕು! 10 ಕಿಲೋ ಅಲ್ಯೂಮಿನಿಯಂ ಆದರೆ ಅಷ್ಟೇ ಶಾಖ ನುಂಗಿ 28 ಡಿಗ್ರಿ ಏರುತ್ತದೆ. ಹೊರಡುವಾಗ ಅದು ಎಷ್ಟು ತಣ್ಣಗಿತ್ತು ಎಂಬುದೇ ಓಟದ ಹಣೆಬರಹ.

ಈ ಲೆಕ್ಕ ಹಾಕದೆಯೇ ರೇಸಿನವರು ದಾರಿ ಕಂಡುಕೊಂಡಿದ್ದರು. ಸಾಲಿನಲ್ಲಿ ಬಾನೆಟ್ ತೆರೆದು, ಇಂಟರ್‌ಕೂಲರ್ ಮೇಲೆ ಐಸ್ ಚೀಲ ಹೇರಿ, ಎಂಜಿನ್ ಆರಿಸಿ ಕಾರನ್ನು ಕೈಯಿಂದ ತಳ್ಳಿಕೊಂಡು ಮುಂದೆ ಸರಿಯುವುದು ಹಳೆಯ ಪದ್ಧತಿ. ಎಂಜಿನ್ನಿನ ತಲೆಯ ಮೇಲೆಯೇ ಇಂಟರ್‌ಕೂಲರ್ ಇರುವ ಸುಬಾರು ಡಬ್ಲ್ಯೂಆರ್‌ಎಕ್ಸ್ ಎಸ್‌ಟಿಐಗೆ ಕಂಪನಿಯೇ ಸ್ವಿಚ್ ಒತ್ತಿದರೆ ನೀರು ಚಿಮುಕಿಸುವ ಏರ್ಪಾಡು ಕೊಟ್ಟಿತು. ನೀರಿನ ಟ್ಯಾಂಕ್ ಡಿಕ್ಕಿಯಲ್ಲಿ. ನೀರಿನ ಬದಲು ಇಂಗಾಲದ ಡೈಆಕ್ಸೈಡ್ ಸಿಂಪಡಿಸುವವರೂ ಇದ್ದಾರೆ. ಅದು ಚುರುಕು, ಆದರೆ ಸಿಲಿಂಡರ್ ಬೇಗ ಬರಿದಾಗುತ್ತದೆ.

ಹೆಚ್ಚು ಪರಿಣಾಮಕಾರಿಯಾದದ್ದು ನೀರಿನಿಂದ ತಣಿಸುವ ಇಂಟರ್‌ಕೂಲರ್. 1991ರ ಜಿಎಂಸಿ ಸೈಕ್ಲೋನ್ ಪಿಕಪ್ ಇಂಥದನ್ನೇ ಹೊತ್ತು ಬಂತು. ಗಾಳಿಯ ಶಾಖ ನೀರಿಗೆ, ನೀರಿನದು ಮುಂದಿನ ರೇಡಿಯೇಟರಿಗೆ. ಇದರಿಂದ ಕಾರಿನ ತೂಕ ಹೆಚ್ಚುತ್ತದೆ. ಆದರೂ ಡ್ರ್ಯಾಗ್ ಓಟದವರಿಗೆ ಇದು ವರ: ಕಾರಿನೊಳಗೆ ದೊಡ್ಡ ಟ್ಯಾಂಕ್ ಇಟ್ಟು ಐಸ್ ತುಂಬಿದರೆ ಹೊರಗಿನ ಹವೆಗಿಂತಲೂ ತಣ್ಣನೆಯ ಗಾಳಿ ಎಂಜಿನ್ನಿಗೆ ಹೋಗುತ್ತದೆ. ಗಾಳಿಯಿಂದ ತಣಿಯುವ ಇಂಟರ್‌ಕೂಲರ್ ಎಷ್ಟೇ ದೊಡ್ಡದಿದ್ದರೂ, ಅದಕ್ಕೆ ಮೊದಲೇ ಐಸ್ ಹಾಕದ ಹೊರತು, ಈ ಕೆಲಸ ಅದರಿಂದಾಗದು.

ಈ ಐಸ್ ಟ್ಯಾಂಕಿನ ಕೆಲಸವನ್ನು ಕಾರ್ಖಾನೆಯೊಳಗೆ ತಂದದ್ದು 2018ರ ಡಾಜ್ ಚಾಲೆಂಜರ್ ಡೀಮನ್. ಇದರಲ್ಲಿರುವುದು ಟರ್ಬೋ ಅಲ್ಲ, ಎಂಜಿನ್ನೇ ನೇರವಾಗಿ ತಿರುಗಿಸುವ ಸೂಪರ್‌ಚಾರ್ಜರ್. ಶಾಖದ ಪಾಡು ಮಾತ್ರ ಒಂದೇ. ‘ಪವರ್ ಚಿಲ್ಲರ್’ ಎಂಬ ವ್ಯವಸ್ಥೆ ಚಾಲಕನಿಗೆ ಹೋಗಬೇಕಾದ ಏಸಿಯ ತಂಪನ್ನು ಇಂಟರ್‌ಕೂಲರ್ ನೀರಿನ ಕಡೆ ತಿರುಗಿಸುತ್ತದೆ. ಚಾಲಕ ಬೆವರಲಿ, ಎಂಜಿನ್ ತಣ್ಣಗಿರಲಿ ಎಂಬ ಲೆಕ್ಕಾಚಾರ. ಓಟ ಮುಗಿಸಿ ಎಂಜಿನ್ ಆರಿಸಿದ ಮೇಲೂ ಫ್ಯಾನ್ ಮತ್ತು ಪಂಪ್ ಓಡುತ್ತಿದ್ದು, ಮುಂದಿನ ಸರದಿಗೆ ನೀರನ್ನು ತಣಿಸುತ್ತವೆ.

ಐಸ್ ಚೀಲದವರ ಕಷ್ಟವೇ ಬೇರೆ. ಕರಗಿದ ನೀರು ಹೊರಡುವ ಗೆರೆಯ ಮೇಲೆ ತೊಟ್ಟಿಕ್ಕಿದರೆ ತಮ್ಮ ಟೈರೂ ಜಾರುತ್ತದೆ, ಹಿಂದೆ ಬರುವವರದೂ ಜಾರುತ್ತದೆ. ಅಧಿಕಾರಿಗಳು ಕಾರಿನಡಿ ಬಗ್ಗಿ ನೋಡಿ, ಹನಿ ಕಂಡರೆ ಪಕ್ಕಕ್ಕೆ ಕಳಿಸುತ್ತಾರೆ. ಅದಕ್ಕೇ ಗೆರೆ ಹತ್ತಿರವಾಗುತ್ತಿದ್ದಂತೆ ಚೀಲ ಎತ್ತಿ ಗೆಳೆಯನ ಕೈಗೆ ಕೊಟ್ಟು, ಅಲ್ಯೂಮಿನಿಯಂ ರೆಕ್ಕೆಗಳ ಸಂದಿನ ನೀರನ್ನು ಬಟ್ಟೆಯಿಂದ ಒರೆಸಿ, ಬಾನೆಟ್ ಮುಚ್ಚುತ್ತಾರೆ.