ರೋಬೋ ಹಿಡಿದು ಆಟಿಕೆ ಅಂಗಡಿಗೆ ಬಂದ ಪೆಟ್ಟಿಗೆ



ಅಕ್ಕನ ಮಗನ ಹುಟ್ಟುಹಬ್ಬಕ್ಕೆ ವಿಡಿಯೋ ಗೇಮ್ ಕನ್ಸೋಲ್ ಕೊಡಿಸೋಣ ಅಂತ ಮೊನ್ನೆ ದಾದರ್‌ನ ದೊಡ್ಡ ಅಂಗಡಿಯೊಂದಕ್ಕೆ ಹೋಗಿದ್ದೆ. ಆಟಿಕೆ ವಿಭಾಗದಲ್ಲಿ ಕೇಳಿದರೆ, "ಇಲ್ಲಿಲ್ಲ, ಕೆಳಗೆ ಟಿವಿ ಇಟ್ಟಿರೋ ಕಡೆ ನೋಡಿ" ಅಂದರು. ಭಾವನಿಗೆ ಫೋನ್ ಮಾಡಿದರೆ, "ಒಂದು ಆಟದ ಸಾಮಾನಿಗೆ ಅಷ್ಟು ದುಡ್ಡಾ?" ಅಂದರು. ಅಂಗಡಿಯವನಿಗೆ ಅದು ಆಟಿಕೆಯಲ್ಲ, ಭಾವನಿಗೆ ಆಟಿಕೆ. ಈ ತಕರಾರು ಹೊಸದೇನಲ್ಲ. ಐವತ್ತು ವರ್ಷದಿಂದ ನಡೆದಿದೆ, ಶುರುವಾದದ್ದು ಅಮೆರಿಕದಲ್ಲಿ.

1972ರಲ್ಲಿ ಮ್ಯಾಗ್ನವಾಕ್ಸ್ ಕಂಪನಿಯ 'ಒಡಿಸ್ಸಿ' ಬಂದಾಗ ಅದನ್ನು ಮಾರಿದವರು ಟಿವಿ ವ್ಯಾಪಾರಿಗಳು. 1975ರಲ್ಲಿ ಅಟಾರಿಯವರು ಮನೆಯಲ್ಲೇ ಆಡುವ 'ಪಾಂಗ್' ಹಿಡಿದು ನ್ಯೂಯಾರ್ಕಿನ ಆಟಿಕೆ ಮೇಳಕ್ಕೆ ಹೋದರೆ ಅಲ್ಲಿ ಯಾರೂ ಕ್ಯಾರೇ ಅನ್ನಲಿಲ್ಲ. ಕೊನೆಗೆ ಕೊಂಡವರು ಯಾರು ಗೊತ್ತೇ? ಸಿಯರ್ಸ್ ಮಳಿಗೆಯ ಕ್ರೀಡಾ ಸಾಮಗ್ರಿ ವಿಭಾಗದವರು! ಆ ಕ್ರಿಸ್‌ಮಸ್‌ಗೆ ಒಂದೂವರೆ ಲಕ್ಷ ಪೆಟ್ಟಿಗೆ ಬೇಕೆಂದರು.

ಮುಂದೆ ಎಲ್ಲರೂ ಈ ಧಂದೆಗಿಳಿದರು, ಕಳಪೆ ಆಟಗಳು ರಾಶಿ ಬಿದ್ದವು, 1983ರಲ್ಲಿ ಮಾರುಕಟ್ಟೆ ಕುಸಿಯಿತು. ಮಾರಾಟವಾಗದ ಕ್ಯಾಸೆಟ್‌ಗಳನ್ನು ಅಟಾರಿ ನ್ಯೂ ಮೆಕ್ಸಿಕೋದ ಅಲಮೊಗಾರ್ಡೊ ಊರಿನ ಕಸದ ಗುಂಡಿಯಲ್ಲಿ ಹೂತುಹಾಕಿತು. ಬಹಳ ಜನ ಇದನ್ನು ಕಟ್ಟುಕಥೆ ಅಂದುಕೊಂಡಿದ್ದರು, 2014ರಲ್ಲಿ ಅಗೆದಾಗ ಸಿಕ್ಕೇಬಿಟ್ಟವು. 'ವಿಡಿಯೋ ಗೇಮ್' ಅಂದರೆ ಸಾಕು, ಅಂಗಡಿಯವರು ಬಾಗಿಲು ತೋರಿಸುವ ಕಾಲ ಅದು.

ಇಂಥ ಹೊತ್ತಲ್ಲಿ ಅಮೆರಿಕಕ್ಕೆ ಬಂದದ್ದು ಜಪಾನಿನ ನಿಂಟೆಂಡೊ. 1889ರಲ್ಲಿ ಕ್ಯೋಟೋದಲ್ಲಿ ಇಸ್ಪೀಟಿನಂಥ ಹೂವಿನ ಎಲೆ ಮಾಡುತ್ತಾ ಹುಟ್ಟಿದ ಕಂಪನಿ, ಆಮೇಲೆ ಆಟಿಕೆಯನ್ನೂ ಮಾಡಿತ್ತು. 1983ರಲ್ಲಿ ತಮ್ಮ ದೇಶದಲ್ಲಿ ಕನ್ಸೋಲ್ ತಂದಾಗ ಇಟ್ಟ ಹೆಸರು 'ಫ್ಯಾಮಿಲಿ ಕಂಪ್ಯೂಟರ್'. ಅಮೆರಿಕದಲ್ಲಿ ಅದೇ ಯಂತ್ರಕ್ಕೆ 'ಎಂಟರ್‌ಟೇನ್‌ಮೆಂಟ್ ಸಿಸ್ಟಮ್' ಅಂದರು, ವಿಸಿಆರ್ ಥರ ಮುಂದಿನಿಂದ ಕ್ಯಾಸೆಟ್ ತೂರಿಸುವ ಹಾಗೆ ಆಕಾರ ಬದಲಿಸಿದರು. ಜೊತೆಗೆ 'ರಾಬ್' ಅಂತ ಒಂದು ಪುಟ್ಟ ರೋಬೋ ಕೊಟ್ಟರು. ಆಟಿಕೆಯವರೇ, ಗಾಬರಿ ಬೇಡ, ನಮ್ಮದೂ ಆಟಿಕೆಯೇ ಅನ್ನುವ ಹಾಗೆ! ಮಾರಾಟವಾಗದಿದ್ದರೆ ವಾಪಸ್ ತಗೊಳ್ಳುತ್ತೇವೆ ಅಂತ ಮಾತು ಕೊಟ್ಟು 1985ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನಿಂದ ಶುರುಮಾಡಿದರು. ಆ ರೋಬೋಗೆ ಬಂದದ್ದು ಎರಡೇ ಆಟ. ಅದರ ನಿಜವಾದ ಕೆಲಸ ಬಾಗಿಲು ತೆರೆಸುವುದು, ಅದನ್ನದು ಮಾಡಿತು.

ನಮ್ಮ ದಾವಣಗೆರೆ ಮನೆಗೂ ಹೀಗೊಂದು ರೋಬೋ ಬಂದಿತ್ತು ಅನ್ನಿ! ತೊಂಬತ್ತರ ದಶಕದಲ್ಲಿ ನಾವು ಊದಿ ಊದಿ ಹಾಕುತ್ತಿದ್ದ ಕ್ಯಾಸೆಟ್ಟಿನ 'ಟಿವಿ ಗೇಮ್' ಆ ಫ್ಯಾಮಿಲಿ ಕಂಪ್ಯೂಟರಿನ ನಕಲು. ನಮ್ಮದರಲ್ಲಿ ಕೀಬೋರ್ಡ್ ಇತ್ತು. "ಕಂಪ್ಯೂಟರ್ ಕಲೀಬಹುದಪ್ಪಾ" ಅಂತ ಅಪ್ಪನನ್ನು ಒಪ್ಪಿಸಿದ್ದು ಆ ಕೀಬೋರ್ಡು. ಕಲಿತದ್ದು ಮಾರಿಯೋ ಮಾತ್ರ.

ಆದರೆ ಆಟಿಕೆ ಅನ್ನಿಸಿಕೊಂಡದ್ದಕ್ಕೆ ಬೆಲೆಯೂ ತೆರಬೇಕಾಯಿತು. ಆಟಿಕೆ ಅಂದಮೇಲೆ ಒಳಗಿರುವುದೆಲ್ಲ ಮಕ್ಕಳದ್ದೇ ಅಂತ ಹೆತ್ತವರು ನಂಬಿದರು. 'ಮಾರ್ಟಲ್ ಕಾಂಬ್ಯಾಟ್'ನಲ್ಲಿ ರಕ್ತ ಚಿಮ್ಮಿದಾಗ ದಿಗಿಲಾಯಿತು. 1993ರ ಡಿಸೆಂಬರಿನಲ್ಲಿ ಅಮೆರಿಕದ ಸೆನೆಟ್ ವಿಚಾರಣೆ ನಡೆಸಿತು. ನಮ್ಮ ಗಿರಾಕಿಗಳಲ್ಲಿ ದೊಡ್ಡವರೂ ಇದ್ದಾರೆ ಅಂತ ಸೆಗಾ ಕಂಪನಿ ವಾದಿಸಿತು. 1994ರಲ್ಲಿ ಉದ್ಯಮದವರೇ ಮಂಡಳಿ ಕಟ್ಟಿ ಡಬ್ಬಿಯ ಮೇಲೆ ವಯಸ್ಸಿನ ಗುರುತು ಹಾಕಲು ಶುರುಮಾಡಿದರು. ನನ್ನನ್ನು ಕೇಳಿದರೆ ಕನ್ಸೋಲ್ ಗೊಂಬೆಗಿಂತ ಸಿನಿಮಾ ಪ್ರೊಜೆಕ್ಟರಿಗೆ ಹತ್ತಿರ. ಯಂತ್ರ ಯಾರದ್ದೂ ಆಗಬಹುದು, ಹಾಕುವ ಚಿತ್ರ ಯಾರಿಗೆ ಅಂತ ನೋಡಬೇಕು.

ನಮ್ಮ ಸುಂಕದ ಪಟ್ಟಿಯಲ್ಲೂ ಆಟಿಕೆಗೆ 9503, ಕನ್ಸೋಲಿಗೆ 9504. ಅಕ್ಕಪಕ್ಕದ ಮನೆ, ಒಲೆ ಬೇರೆ. 9503ರ ಆಮದು ಸುಂಕ 2020ರಲ್ಲಿ ಶೇಕಡಾ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು.

ಭಾವನಿಗೆ ಇದನ್ನೇ ಹೇಳಿದೆ. "ಆಟಿಕೆ ಅಂತಾಗಿದ್ರೆ ಇನ್ನೂ ತುಟ್ಟಿ ಆಗ್ತಿತ್ತು ಭಾವ." ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಅದರಲ್ಲಿ ಕ್ರಿಕೆಟ್ ಇರುತ್ತಾ?" ಅಂದರು.