ಹೆಣಿಗೆಯ ಕೂಡುಹೊಲಿಗೆ

ನೇಯ್ಗೆ, ಹೆಣಿಗೆ, ಹೊಲಿಗೆ ಎಂಬ ಮೂರು ಕೆಲಸಗಳಿಗೂ ನಮ್ಮ ನುಡಿಯಲ್ಲಿ ಬೇರೆ ಬೇರೆ ಹೆಸರುಗಳುಂಟು. ಹಾಸು ಹೊಕ್ಕುಗಳು ಒಂದನ್ನೊಂದು ಅಡ್ಡಹಾಯ್ದು ಬಟ್ಟೆಯಾಗುವುದು ನೇಯ್ಗೆ. ಒಂದೇ ನೂಲು ಕುಣಿಕೆಯೊಳಗೆ ಕುಣಿಕೆಯಾಗಿ ಹಾಯುತ್ತ ಬಟ್ಟೆಯಾಗುವುದು ಹೆಣಿಗೆ. ಆದ ಬಟ್ಟೆಯ ತುಂಡುಗಳನ್ನು ಸೂಜಿಯಿಂದ ಕೂಡಿಸುವುದು ಹೊಲಿಗೆ. ಮನೆಯಲ್ಲಿ ಉಣ್ಣೆಯ ಅಂಗಿಯನ್ನು ಹೆಣೆಯುವವರು ಬೆನ್ನು, ಎದೆ, ತೋಳುಗಳನ್ನು ಬಿಡಿಬಿಡಿಯಾಗಿ ಹೆಣೆದು ಕಡೆಗೆ ಅವುಗಳನ್ನು ಕೂಡಿಸಿ ಹೊಲಿಯುವುದುಂಟು. ಈ ಕಡೆಯ ಕೆಲಸವನ್ನು ಬಹುಮಂದಿ ಬೇಸರದ ಕೆಲಸವೆಂದೇ ಎಣಿಸುವರು. ಆದರೆ ಇದಕ್ಕೂ ಒಂದು ಚರಿತ್ರೆಯಿದೆ. ಆ ಚರಿತ್ರೆಯಲ್ಲಿ ಒಮ್ಮೆ ಮರಣದಂಡನೆಯ ಶಾಸನವೂ ಹುಟ್ಟಿತೆಂದರೆ ವಾಚಕರಿಗೆ ಸೋಜಿಗವಾಗದಿರದು.

ಮೊದಮೊದಲು ಹೆಣಿಗೆಗೆ ಹೊಲಿಗೆಯ ಹಂಗು ಅಷ್ಟಾಗಿ ಇರಲಿಲ್ಲ. ಮಧ್ಯಯುಗದ ಈಜಿಪ್ಟಿನಿಂದ ದೊರೆತ ಹತ್ತಿಯ ಕಾಲುಚೀಲಗಳು ಸುತ್ತುಸುತ್ತಾಗಿ ಹೆಣೆದವು. ಯುರೋಪಿನಲ್ಲಿಯೂ ಈ ಕ್ರಮವೇ ಬಳಕೆಯಲ್ಲಿತ್ತೆಂಬುದಕ್ಕೆ ಒಂದು ಚಿತ್ರವು ಸಾಕ್ಷಿಯಾಗಿದೆ. ಕ್ರಿ. ಶ. ೧೪೦೦ರ ಸುಮಾರಿನಲ್ಲಿ ಜರ್ಮನಿಯ ಬುಕ್ಸ್‌ಟೆಹೂಡೆಯ ಪೂಜಾಪೀಠಕ್ಕಾಗಿ ರಚಿತವಾದ ಈ ಚಿತ್ರವು ಈಗ ಹಾಂಬುರ್ಗಿನ ಕಲಾಶಾಲೆಯಲ್ಲಿದೆ. ಇದರಲ್ಲಿ ಮಾತೆ ಮರಿಯಳು ಹಲವು ಕಡ್ಡಿಗಳನ್ನು ಹಿಡಿದು, ಪುಟ್ಟ ಅಂಗಿಯೊಂದನ್ನು ಸುತ್ತಾಗಿ ಹೆಣೆಯುತ್ತ ಕುಳಿತಿರುವಳು. ಯೇಸುವಿನ ಅಂಗಿಗೆ ಹೊಲಿಗೆಯೇ ಇರಲಿಲ್ಲವೆಂದೂ, ಅದನ್ನು ಹರಿಯಲೊಲ್ಲದೆ ಸೈನಿಕರು ಚೀಟಿ ಹಾಕಿದರೆಂದೂ ಯೋಹಾನನ ಸುವಾರ್ತೆಯಲ್ಲಿ ಹೇಳಿದೆ. ಹೊಲಿಗೆಯಿಲ್ಲದುದೇ ಅಖಂಡವೆಂಬ ಭಾವನೆಯು ಅಂದು ಜನರ ಮನಸ್ಸಿನಲ್ಲಿ ಬೇರೂರಿದ್ದಿತು.

ಈ ಸ್ಥಿತಿಯನ್ನು ಬದಲಿಸಿದುದು ಒಂದು ಯಂತ್ರ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಸೀಮೆಯ ವಿಲಿಯಂ ಲೀ ಎಂಬಾತನು ೧೫೮೯ರಲ್ಲಿ ಕಾಲುಚೀಲ ಹೆಣೆಯುವ ಯಂತ್ರವನ್ನು ನಿರ್ಮಿಸಿದನು. ಸ್ವದೇಶದಲ್ಲಿ ತಕ್ಕ ಆಶ್ರಯ ದೊರೆಯದೆ ಅವನು ಫ್ರಾನ್ಸಿಗೆ ಹೋಗಬೇಕಾಯಿತು. ಆದರೆ ಅವನ ಯಂತ್ರವು ಉಳಿದು ಬೆಳೆಯಿತು. ಅದರ ಸೂಜಿಗಳೆಲ್ಲ ಒಂದೇ ಸಾಲಿನಲ್ಲಿದ್ದುದರಿಂದ ಅದು ಕೊಳವೆಯಂತೆ ಸುತ್ತಿ ಹೆಣೆಯಲಾರದು, ಚಪ್ಪಟೆಯಾಗಿ ಮಾತ್ರ ಹೆಣೆಯಬಲ್ಲುದು. ಕುಶಲಿಯಾದ ಕೆಲಸಗಾರನು ಮೀನಖಂಡದ ಬಳಿ ಕುಣಿಕೆಗಳನ್ನು ಹೆಚ್ಚಿಸಿ, ಹರಡಿನ ಬಳಿ ತಗ್ಗಿಸಿ, ಕಾಲಿನ ಆಕಾರವನ್ನು ಬಟ್ಟೆಯಲ್ಲಿಯೇ ತರುತ್ತಿದ್ದನು. ಮನೆಯ ಹೆಂಗಸರು, ಮಕ್ಕಳು ಅದನ್ನು ಮಡಿಸಿ, ಕಾಲಿನ ಹಿಂಭಾಗಕ್ಕೆ ಬರುವಂತೆ ಅಂಚಿಗೆ ಅಂಚನ್ನು ಕೂಡಿಸಿ ಹೊಲಿಯುತ್ತಿದ್ದರು. ಹೀಗೆ ಕೂಡುಹೊಲಿಗೆಯು ಸಾವಿರಾರು ಬಡಮನೆಗಳ ಅನ್ನದ ದಾರಿಯಾಯಿತು.

ಇಲ್ಲಿ ಅಂಚಿನ ಮರ್ಮವನ್ನು ತಿಳಿಯಬೇಕು. ಆಕಾರಕ್ಕೆ ತಕ್ಕಂತೆ ಹೆಣೆದ ತುಂಡಿನ ಅಂಚಿನಲ್ಲಿ ನೂಲು ತುಂಡಾಗದೆ ತಿರುಗಿ ಒಳಕ್ಕೆ ಹೋಗುವುದು. ಆದುದರಿಂದ ಆ ಅಂಚು ತಾನಾಗಿ ಬಿಚ್ಚಿಕೊಳ್ಳದು. ಹೆಣೆದ ಬಟ್ಟೆಯನ್ನು ಕತ್ತರಿಯಿಂದ ಕತ್ತರಿಸಿದರಾದರೋ ಕುಣಿಕೆಗಳು ಬಾಯ್ದೆರೆಯುವುವು. ಒಂದು ಜಾರಿದರೆ ಅದರ ಹಿಂದೆ ಮತ್ತೊಂದು ಜಾರುವುದು. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಉಡುಪಿನ ಬೆಡಗು ಬದಲಾದುದರಿಂದ ಅಗಲವಾದ ಯಂತ್ರಗಳು ಅನೇಕ ಕೆಲಸವಿಲ್ಲದೆ ನಿಂತುವು. ವ್ಯಾಪಾರಿಗಳು ಇವುಗಳಲ್ಲಿ ಅಗಲವಾದ ಬಟ್ಟೆಯನ್ನು ಹೆಣೆಯಿಸಿ, ಕಾಲುಚೀಲದ ಆಕಾರಕ್ಕೆ ಕತ್ತರಿಸಿ, ಹೊಲಿಸಿ ಮಾರತೊಡಗಿದರು. ಅಂಗಡಿಯಲ್ಲಿ ನೋಡಿದಾಗ ಎರಡು ಬಗೆಗೂ ಭೇದ ಕಾಣದು. ಕಾಲಿಗೆ ತೊಟ್ಟು ಕೆಲವು ಸಲ ಒಗೆದಾಗ ಹೊಲಿಗೆ ಬಿಟ್ಟುಕೊಳ್ಳುವುದು. ಕೊಂಡವನಿಗೆ ಮೋಸ, ಕಸುಬಿಗೆ ಅಪಕೀರ್ತಿ, ಕುಶಲಿಯ ಕೂಲಿಗೆ ಕತ್ತರಿ: ಇದು ಕೆಲಸಗಾರರ ದೂರು.

ಅವರಲ್ಲಿ ಹೆಚ್ಚಿನವರು ಯಂತ್ರಕ್ಕೂ ಬಾಡಿಗೆ ತೆರುತ್ತಿದ್ದವರು. ಕೂಲಿ ಇಳಿದು ಧಾನ್ಯದ ಬೆಲೆ ಏರಿದಾಗ ಅವರ ತಾಳ್ಮೆ ಕೆಟ್ಟಿತು. ೧೮೧೧ರ ಮಾರ್ಚಿಯಲ್ಲಿ ನಾಟಿಂಗ್‌ಹ್ಯಾಮಿನ ಸಮೀಪದ ಆರ್ನಲ್ಡ್ ಎಂಬ ಊರಿನಲ್ಲಿ ಯಂತ್ರಗಳನ್ನು ಒಡೆಯುವುದಕ್ಕೆ ಪ್ರಾರಂಭವಾಯಿತು. ಇವರೇ ಮುಂದೆ ಲುಡ್ಡೈಟರೆಂದು ಹೆಸರಾದವರು. ಇವರನ್ನು ಯಂತ್ರದ್ವೇಷಿಗಳೆಂದು ಹೇಳುವುದು ರೂಢಿ. ಆದರೆ ಇವರು ತಲೆಮಾರುಗಳಿಂದ ಯಂತ್ರದಲ್ಲಿಯೇ ದುಡಿದವರು. ನಾಟಿಂಗ್‌ಹ್ಯಾಮಿನಲ್ಲಿ ಇವರ ರೋಷವು ಮುಖ್ಯವಾಗಿ ಕೂಲಿ ತಗ್ಗಿಸಿದ ಮತ್ತು ಕತ್ತರಿಸಿದ ಮಾಲನ್ನು ಮಾಡಿಸಿದ ಧಣಿಗಳ ಮೇಲಿತ್ತು. ೧೮೧೨ರಲ್ಲಿ ಯಂತ್ರ ಒಡೆಯುವುದು ಮರಣದಂಡನೆಗೆ ಅರ್ಹವಾದ ಅಪರಾಧವೆಂದು ಪಾರ್ಲಿಮೆಂಟು ಶಾಸನ ಮಾಡಿತು. ಇಪ್ಪತ್ತನಾಲ್ಕು ವರ್ಷದ ಕವಿ ಬೈರನ್ನನು ಫೆಬ್ರವರಿ ೨೭ರಂದು ಲಾರ್ಡರ ಸಭೆಯಲ್ಲಿ ಮಾಡಿದ ಮೊತ್ತಮೊದಲ ಭಾಷಣವು ಈ ಮಸೂದೆಯ ವಿರುದ್ಧವಾಗಿಯೇ ಇದ್ದಿತು. ಅದೇ ವರ್ಷ ಗ್ರೇವ್‌ನರ್ ಹೆನ್ಸನ್ ಮೊದಲಾದ ಕೆಲಸಗಾರ ಮುಖಂಡರು ಬಡಿಗೆಯನ್ನು ಬಿಟ್ಟು, ಕಸುಬಿನಲ್ಲಿಯ ವಂಚನೆಯನ್ನು ತಡೆಯುವ ಒಂದು ಮಸೂದೆಯನ್ನು ಪಾರ್ಲಿಮೆಂಟಿಗೆ ತರಿಸಿದರು. ಕಾಮನ್ಸ್ ಸಭೆಯು ಅದನ್ನು ಸಡಿಲಗೊಳಿಸಿ ಒಪ್ಪಿತು. ಲಾರ್ಡರ ಸಭೆಯು ತಳ್ಳಿಹಾಕಿತು. ಯಂತ್ರವನ್ನು ಕಾಯಲು ಶಾಸನವು ಹುಟ್ಟಿತು, ಹೊಲಿಗೆಯನ್ನು ಕಾಯಲು ಹುಟ್ಟಲಿಲ್ಲ.

ಆದರೂ ಕತ್ತರಿಯೇ ಪಾಪವೆಂದು ತಿಳಿಯಲಾಗದು. ಶೆಟ್ಲೆಂಡ್ ದ್ವೀಪಗಳ ಹೆಣಿಗೆಗಾರ್ತಿಯರು ಅಂಗಿಯನ್ನು ಸುತ್ತಾಗಿ ಹೆಣೆದು, ತೋಳಿನ ಎಡೆಯನ್ನು ಧೈರ್ಯವಾಗಿ ಕತ್ತರಿಸುವರು. ಅಲ್ಲಿಯ ಉಣ್ಣೆಯು ಒಂದಕ್ಕೊಂದು ಅಂಟಿಕೊಳ್ಳುವುದರಿಂದ ಕುಣಿಕೆ ಜಾರದು, ಮೇಲಾಗಿ ಅಂಚನ್ನು ಮಡಿಸಿ ಭದ್ರಪಡಿಸುವರು. ಅಂಚನ್ನು ನೂಲಿನಿಂದ ಸುತ್ತಿ ಹೊಲಿಯುವ ಯಂತ್ರಗಳು ಬಂದಮೇಲೆ ಕತ್ತರಿಸಿದ ಹೆಣಿಗೆಯೂ ಬಾಳತಕ್ಕದ್ದಾಯಿತು. ನಾವು ನಿತ್ಯವೂ ತೊಡುವ ಬನಿಯನ್ನುಗಳು ಇಂಥವೇ. ದೋಷವಿದ್ದುದು ಕತ್ತರಿಯಲ್ಲಲ್ಲ, ಬಿಚ್ಚಿಕೊಳ್ಳುವ ಅಂಚನ್ನು ಹೊಲಿಗೆಯ ಕೆಳಗೆ ಮರೆಮಾಡಿ ಗಟ್ಟಿಮಾಲೆಂದು ಮಾರಿದುದರಲ್ಲಿ.

ಮನೆಯ ಹೆಣಿಗೆಯಲ್ಲಿ ಹಳೆಯ ನ್ಯಾಯವು ಇಂದಿಗೂ ನಡೆಯುತ್ತಿದೆ. ಬಲ್ಲವರು ಎರಡು ತುಂಡುಗಳನ್ನೂ ಮೇಲ್ಮೈ ಕಾಣುವಂತೆ ಪಕ್ಕಪಕ್ಕದಲ್ಲಿರಿಸಿ, ಅದೇ ನೂಲನ್ನು ಮೊಂಡು ಸೂಜಿಗೆ ಪೋಣಿಸಿ, ಅಂಚಿನ ಕುಣಿಕೆಗೂ ಅದರ ಒಳಗಿನ ಕುಣಿಕೆಗೂ ನಡುವೆ ಅಡ್ಡಲಾಗಿರುವ ಎಳೆಯನ್ನು ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಎತ್ತುತ್ತ ಹೋಗುವರು. ಸಾಲಿಗೆ ಸಾಲು ಸರಿಹೊಂದಬೇಕು. ನೂಲನ್ನು ಬಿಗಿದರೆ ಅಂಗಿಯು ಮುದುಡುವುದು, ಸಡಿಲಿಸಿದರೆ ಸಂದು ಬಾಯಿಬಿಡುವುದು. ಹದವರಿತು ಎಳೆದಾಗ ಎರಡು ಅಂಚುಗಳೂ ಒಳಕ್ಕೆ ಮಗುಚಿ, ಹೊಲಿಗೆಯ ಗುರುತೇ ಕಾಣದಂತಾಗುವುದು. ಅಂದು ಹೊಲಿಗೆಯಿಂದ ಕೆಟ್ಟ ಅಂಚನ್ನು ಮುಚ್ಚಿದರು. ಇಲ್ಲಿ ಒಳ್ಳೆಯ ಅಂಚುಗಳು ಹೊಲಿಗೆಯನ್ನೇ ಮುಚ್ಚುವುವು. ನಾಟಿಂಗ್‌ಹ್ಯಾಮಿನ ಬಡ ಕೆಲಸಗಾರರು ಕೇಳಿದುದೂ ಇಂಥ ಹೊಲಿಗೆಯನ್ನೇ.